ಎಫ್-150ಗೆ ಟ್ಯೂನರ್: ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗಿನ ಟಿಪ್ಪಣಿ

ಗಾಡಿ: 2018ರ ಫೋರ್ಡ್ ಎಫ್-150. 3.5 ಲೀಟರ್ ಇಕೋಬೂಸ್ಟ್ ವಿ6 ಪೆಟ್ರೋಲ್ ಎಂಜಿನ್, ಎರಡು ಟರ್ಬೊ, 10 ಗೇರಿನ ಆಟೊಮ್ಯಾಟಿಕ್, ಫೋರ್-ವೀಲ್ ಡ್ರೈವ್. ಕಂಪನಿ ಲೆಕ್ಕದಲ್ಲಿ 375 ಎಚ್‌ಪಿ, 470 ಪೌಂಡ್-ಅಡಿ ಟಾರ್ಕ್. ಊರಿನ ಲೆಕ್ಕಕ್ಕೆ ತಂದರೆ 637 ನ್ಯೂಟನ್ ಮೀಟರ್. ಇರುವುದು ಟೆಕ್ಸಸ್‌ನಲ್ಲಿ, ಡಾಲಸ್ ಪಕ್ಕದ ಪ್ಲೇನೊದಲ್ಲಿ. ವಾರವಿಡೀ ಆಫೀಸು, ಮಕ್ಕಳ ಕ್ಲಾಸು, ದಿನಸಿ. ರಜೆ ಬಂತು ಅಂದರೆ ಹಿಂದೆ ಕ್ಯಾಂಪರ್ ಟ್ರೇಲರ್. ಸಾಮಾನು ತುಂಬಿದರೆ ಅದು 6,000 ಪೌಂಡ್ ಹತ್ತಿರ, ಅಂದರೆ ಸುಮಾರು 2,700 ಕೆಜಿ.

ಇಷ್ಟು ಟಾರ್ಕ್ ಇರುವ ಗಾಡಿಗೆ ಇನ್ನೇನು ಬೇಕು ಅಂತ ಕೇಳಿದವರೇ ಜಾಸ್ತಿ. ನನಗೆ ಬೇಕಾಗಿದ್ದು ಎಚ್‌ಪಿ ಅಲ್ಲ. ಟ್ರೇಲರ್ ಎಳೆಯುವಾಗ ಸಣ್ಣ ಏರಿನಲ್ಲೂ ಗೇರ್‌ಬಾಕ್ಸ್ ಆರು, ಏಳು, ಎಂಟರ ನಡುವೆ ಹತ್ತಿ ಇಳಿಯುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಮೊದಲು ಏನೂ ಇಲ್ಲ, ಆಮೇಲೆ ಎಲ್ಲ ಒಟ್ಟಿಗೆ. ಇವೆರಡೂ ಸರಿಯಾದರೆ ಸಾಕಾಗಿತ್ತು. ಅದಕ್ಕೇ ಗಾಡಿಯ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾಯಿಸುವ ಟ್ಯೂನರ್ ಕೊಂಡೆ.

ಫೆಬ್ರವರಿ: ಪ್ಲಗ್ಗು, ಆಮೇಲೆ ಟ್ಯೂನರ್

ಟ್ಯೂನರ್ ಕೈಯಲ್ಲಿ ಹಿಡಿಯುವ ಸಣ್ಣ ಡಬ್ಬಿ. ಸ್ಟೀರಿಂಗ್ ಕೆಳಗೆ, ಗಾಡಿಯ ಕಂಪ್ಯೂಟರ್ ಓದಲು ಇರುವ ಒಬಿಡಿ-2 ಪೋರ್ಟಿಗೆ ಚುಚ್ಚುವುದು. 16 ಪಿನ್ನಿನ ಈ ಪೋರ್ಟ್ 1996ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಪೆಟ್ರೋಲ್ ಕಾರುಗಳಲ್ಲೂ ಇದೆ. ಟ್ಯೂನರ್ ಮೊದಲು ಗಾಡಿಯ ಮೂಲ ಫೈಲ್, ಅಂದರೆ ಎಂಜಿನ್, ಗೇರ್‌ಬಾಕ್ಸ್ ಹೇಗೆ ನಡೆಯಬೇಕು ಅಂತ ಹೇಳುವ ಸಾಫ್ಟ್‌ವೇರ್, ಓದಿ ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಹೊಸ ಫೈಲ್ ಬರೆಯುತ್ತದೆ. ಒಮ್ಮೆ ಒಂದು ಗಾಡಿಯ ಗುರುತಿನ ನಂಬರಿಗೆ (ವಿಐಎನ್) ಅಂಟಿಕೊಂಡರೆ, ಮೂಲ ಫೈಲ್ ವಾಪಸ್ ಹಾಕುವವರೆಗೂ ಬೇರೆ ಗಾಡಿಗೆ ನಡೆಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮೊದಲು ಕೇಳಿ ತಿಳಿದುಕೊಳ್ಳಬೇಕು.

ಫೈಲ್ ಬರೆಯುವವರು ದೂರದ ಊರಿನಲ್ಲಿದ್ದಾರೆ, ಎಲ್ಲ ಇಮೇಲ್‌ನಲ್ಲಿ. ಅವರ ಮೊದಲ ಮಾತೇ ಸ್ಪಾರ್ಕ್ ಪ್ಲಗ್ ಬದಲಾಯಿಸಿ, ಗ್ಯಾಪ್ 0.028 ಇಂಚು ಇಡಿ ಅಂತ. ಟರ್ಬೊ ಒತ್ತಡ ಜಾಸ್ತಿಯಾದಂತೆ ಕಿಡಿ ಆ ಗ್ಯಾಪ್ ದಾಟುವುದು ಕಷ್ಟ. ಹಳೆಯ ಪ್ಲಗ್ ಸವೆದು ಗ್ಯಾಪ್ ಅಗಲವಾಗಿದ್ದರೆ ಜೋರಾಗಿ ಒತ್ತಿದಾಗ ಮಿಸ್‌ಫೈರ್ ಬರುತ್ತದೆ. ತೆಗೆದು ನೋಡಿದರೆ ನನ್ನವು ಆರೂ ಅಗಲವಾಗಿದ್ದವು. ನಿಜ ಹೇಳಬೇಕೆಂದರೆ, ಬರೀ ಪ್ಲಗ್ ಬದಲಾಯಿಸಿದ್ದಕ್ಕೇ ಗಾಡಿ ಅರ್ಧ ಹುಷಾರಾಯಿತು. ಟ್ಯೂನ್ ಹಾಕಿದೆ, ಗಾಡಿ ಹಾರುತ್ತಿದೆ ಅನ್ನುವವರಲ್ಲಿ ಎಷ್ಟು ಜನ ಅದೇ ದಿನ ಪ್ಲಗ್ಗನ್ನೂ ಬದಲಾಯಿಸಿರುತ್ತಾರೋ!

ಫೈಲ್ ಬರೆಯುವಾಗ ಬ್ಯಾಟರಿಗೆ ಚಾರ್ಜರ್ ಹಾಕಿದ್ದೆ. ಕೀ ಆನ್, ಎಂಜಿನ್ ಆಫ್. ರೇಡಿಯೊ, ಎಸಿ, ಲೈಟು ಎಲ್ಲ ಆಫ್, ಬಾಗಿಲು ಮುಟ್ಟುವಂತಿಲ್ಲ. ನಡುವೆ ವೋಲ್ಟೇಜ್ ಬಿದ್ದರೆ ಎಂಜಿನ್ ಕಂಪ್ಯೂಟರ್ ಅರ್ಧ ಬರೆದ ಸ್ಥಿತಿಯಲ್ಲಿ ಉಳಿದುಬಿಡುತ್ತದೆ. ಗಾಡಿಯನ್ನು ಎಳೆದುಕೊಂಡು ಹೋಗಬೇಕಾಗುತ್ತದೆ.

ಮೂರು ಫೈಲ್ ಬಂದವು: ಟ್ರೇಲರ್ ಎಳೆಯಲು 87 ಟೋ, ಜೋರಾಗಿ ಓಡಿಸಲು 91 ಮತ್ತು 93 ಪರ್ಫಾರ್ಮೆನ್ಸ್. ನಂಬರು ಅಂದರೆ ಹಾಕಬೇಕಾದ ಪೆಟ್ರೋಲಿನ ಆಕ್ಟೇನ್, ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಹೊತ್ತಿ ಎಂಜಿನ್ ಬಡಿಯುವುದು) ತಡೆಯುವ ಗುಣ. ಈ ನಂಬರುಗಳ ಬಗ್ಗೆ ಒಂದು ಮಾತು. ಇಲ್ಲಿನ ಬಂಕಿನಲ್ಲಿ ಬರೆದಿರುವ ಆಕ್ಟೇನ್ ಅಂದರೆ ಆರ್‌ಒಎನ್ ಮತ್ತು ಎಂಒಎನ್ ಎಂಬ ಎರಡು ಪರೀಕ್ಷೆಗಳ ಸರಾಸರಿ. ಊರಿನಲ್ಲಿ 91 ಅಂತ ಕೇಳುತ್ತಾ ಬಂದದ್ದು ಆರ್‌ಒಎನ್ ಮಾತ್ರ. ಇಲ್ಲಿನ 87, ಅಲ್ಲಿನ 91, ಹೆಚ್ಚು ಕಡಿಮೆ ಒಂದೇ ಪೆಟ್ರೋಲ್. ಊರಿಂದ ಬಂದವರು ಅಮೆರಿಕದಲ್ಲಿ ಕಡಿಮೆ ದರ್ಜೆಯ ಪೆಟ್ರೋಲ್ ಅಂತ ಗಾಬರಿಯಾಗಬೇಕಿಲ್ಲ.

ಮಾರ್ಚ್: 93 ಫೈಲ್

ಮೊದಲು 93 ಹಾಕಿದೆ. ಕುತೂಹಲ, ಅಷ್ಟೆ.

ಈ ಎಂಜಿನ್ ಕಂಪ್ಯೂಟರ್ ಪೆಟ್ರೋಲಿನ ಗುಣವನ್ನು ತಾನೇ ಕಲಿಯುತ್ತದೆ. ಆಕ್ಟೇನ್ ಅಡ್ಜಸ್ಟ್ ರೇಶಿಯೊ, ಚುಟುಕಾಗಿ ಒಎಆರ್. ಲೆಕ್ಕ +1ರಿಂದ -1ರವರೆಗೆ. -1 ಅಂದರೆ ಪೆಟ್ರೋಲ್ ಚೆನ್ನಾಗಿದೆ, ನಾಕಿಂಗ್ ಇಲ್ಲ, ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಮುಂದಕ್ಕೆ ತರಬಹುದು ಅಂತ. + ಕಡೆ ಹೋದರೆ ನಾಕ್ ಸೆನ್ಸರ್ ಸದ್ದು ಕೇಳಿಸಿಕೊಂಡಿದೆ, ಟೈಮಿಂಗ್ ಹಿಂದಕ್ಕೆ ಎಳೆಯುತ್ತಿದೆ ಅಂತ. ಫೈಲ್ ಬರೆದ ಕೂಡಲೇ ಈ ಕಲಿಕೆ ಅಳಿಸಿಹೋಗುತ್ತದೆ. ಎಂಜಿನ್ ಮೇಲೆ ಸ್ವಲ್ಪ ಭಾರ ಬಿದ್ದಾಗ ಮಾತ್ರ ಮತ್ತೆ ಕಲಿಯುತ್ತದೆ. ಬರೀ ಊರೊಳಗೆ ಓಡಾಡಿ ಟ್ಯೂನ್ ಸರಿ ಇಲ್ಲ ಅನ್ನುವುದು ತಪ್ಪು. ಹೈವೇ ಏರಿ, ಎರಡು ಟ್ಯಾಂಕ್ ಮುಗಿಸಿ, ಆಮೇಲೆ ಲಾಗ್, ಅಂದರೆ ಓಡುವಾಗ ದಾಖಲಾದ ಎಂಜಿನ್ ಅಂಕಿಗಳನ್ನು, ನೋಡಬೇಕು. ನನ್ನದು -1ಕ್ಕೆ ಬಂದು ನಿಂತಿತು.

ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಮೊದಲಿಗಿಂತ ಸುಮಾರು 3 ಪಿಎಸ್‌ಐ ಜಾಸ್ತಿ ತೋರಿಸುತ್ತಿದೆ. ಟರ್ಬೊ ಎಂಜಿನ್‌ನಲ್ಲಿ ಟ್ಯೂನರ್‌ಗೆ ಕೆಲಸ ಇರುವುದೇ ಇದಕ್ಕೆ. ಗಾಳಿ ಜಾಸ್ತಿ ತುಂಬು ಅಂತ ಸಾಫ್ಟ್‌ವೇರ್ ಹೇಳಿದರೆ ಟರ್ಬೊ ತುಂಬುತ್ತದೆ. ಇದೇ ಟ್ರಕ್ಕಿನ 5.0 ಲೀಟರ್ ವಿ8ಗೆ ಟರ್ಬೊ ಇಲ್ಲ. ಅಲ್ಲಿ ಟೈಮಿಂಗ್, ಪೆಡಲ್, ಗೇರ್ ಬದಲಾಗುವ ರೀತಿ ಇಷ್ಟರಲ್ಲೇ ಆಟ ಆಡಬೇಕು. ವಿ8 ಇಟ್ಟುಕೊಂಡ ಗೆಳೆಯ ಅದೇ ದುಡ್ಡು ಕೊಟ್ಟು ಅರ್ಧ ಬದಲಾವಣೆ ಕಂಡ.

ಗೇರ್‌ಬಾಕ್ಸ್ ಮೊದಲ ಕೆಲವು ದಿನ ಸಿಡುಕುತ್ತಿತ್ತು. ಅದೂ ಹೊಸದಾಗಿ ಕಲಿಯಬೇಕಲ್ವಾ. ಮೂರರಿಂದ ನಾಲ್ಕಕ್ಕೆ ಹೋಗುವಾಗಿನ ಗುದ್ದು ಮಾತ್ರ ಹೋಗಲಿಲ್ಲ. ಲಾಗ್ ಕಳಿಸಿದೆ, ತಿದ್ದಿದ ಫೈಲ್ ಬಂತು, ಸರಿಹೋಯಿತು. ನನ್ನ ಮಟ್ಟಿಗೆ ಟ್ಯೂನರ್‌ನ ಬೆಲೆ ಇರುವುದೇ ಈ ಲಾಗ್‌ನಲ್ಲಿ. ಡಬ್ಬಿಯೊಳಗೆ ಮೊದಲೇ ತುಂಬಿಟ್ಟ ಎಲ್ಲರಿಗೂ ಒಂದೇ ಫೈಲ್ ಹಾಕಿಕೊಂಡು ಸುಮ್ಮನಾಗುವವರು ದುಡ್ಡಿನ ಅರ್ಧ ಭಾಗ ಬಿಟ್ಟುಕೊಟ್ಟ ಹಾಗೆ.

ಓಡಿಸಲು ಮಜಾ ಇದೆ, ಇಲ್ಲ ಅನ್ನುವುದಿಲ್ಲ. ಆದರೆ 36 ಗ್ಯಾಲನ್ ಟ್ಯಾಂಕು. ನಮ್ಮ ಕಡೆ 87ಕ್ಕೂ 93ಕ್ಕೂ ಗ್ಯಾಲನ್‌ಗೆ ಒಂದು ಡಾಲರ್ ಹತ್ತಿರ ವ್ಯತ್ಯಾಸ. ಟ್ಯಾಂಕ್ ತುಂಬಿಸಿದಾಗಲೆಲ್ಲ ಮೂವತ್ತು ಡಾಲರ್ ಮೇಲೆ. ನನ್ನಾಕೆ ಬಿಲ್ಲು ನೋಡಿ, "ದಿನಸಿ ತರೋಕೆ ರೇಸ್ ಗಾಡಿ ಯಾಕ್ರೀ?" ಅಂದಳು.

ಏಪ್ರಿಲ್: ಟೈರು

275/65ಆರ್18 ಹೋಯಿತು, 275/70ಆರ್18 ಬಂತು. ಎತ್ತರ ಒಂದು ಇಂಚು ಜಾಸ್ತಿ. ಲೆಕ್ಕ ಹಾಕಿದರೆ ಸುತ್ತಳತೆ ಶೇ. 3.4ರಷ್ಟು ಹೆಚ್ಚು. ಸ್ಪೀಡೋಮೀಟರ್ 70 ಅಂದರೆ ಗಾಡಿ ನಿಜವಾಗಿ 72ರ ಮೇಲೆ ಓಡುತ್ತಿರುತ್ತದೆ. ಟ್ಯೂನರ್‌ನಲ್ಲೇ ಟೈರ್ ಅಳತೆ ತಿದ್ದುವ ಜಾಗ ಇದೆ, ಐದು ನಿಮಿಷದ ಕೆಲಸ. ಇಷ್ಟಕ್ಕೇ ಆದರೆ ಟ್ಯೂನರ್ ಬೇಕಿಲ್ಲ. ಫೋರ್‌ಸ್ಕ್ಯಾನ್ ಎಂಬ ಸಾಫ್ಟ್‌ವೇರ್, ಒಂದು ಅಡಾಪ್ಟರ್, ಲ್ಯಾಪ್‌ಟಾಪ್ ಇದ್ದರೆ ಸಾಕು.

ಜೂನ್: ಕೊಲರಾಡೋ ದಾರಿ

ಇಡೀ ಪ್ರಯೋಗದಲ್ಲಿ ನನಗೆ ಮುಖ್ಯ ಅನಿಸಿದ್ದು ಇದು.

ಟ್ರೇಲರ್ ಕಟ್ಟಿಕೊಂಡು ಹೊರಟೆವು. ದಾರಿ: ಹೈವೇ 287ರಲ್ಲಿ ವಿಚಿಟಾ ಫಾಲ್ಸ್, ಅಮರಿಲ್ಲೋ. ಅಲ್ಲಿಂದ ಡ್ಯೂಮಸ್, ಡಾಲ್‌ಹಾರ್ಟ್, ನ್ಯೂ ಮೆಕ್ಸಿಕೋದ ಕ್ಲೇಟನ್, ರಟೋನ್. ಹೊರಡುವ ಮುಂಚೆ 93 ತೆಗೆದು 87 ಟೋ ಫೈಲ್ ಹಾಕಿದೆ. ಮೇಲೆ ಹೋದಂತೆ 93 ಸಿಗುವುದಿಲ್ಲ ಅನ್ನುವುದು ಕಾರಣ. ಕೊಲರಾಡೋದಲ್ಲಿ ಪ್ರೀಮಿಯಂ ಅಂದರೆ 91. ರೆಗ್ಯುಲರ್ ಅಂದರೆ 85!

ಈ 85ರ ಕಥೆ ಗೊತ್ತಿರಬೇಕು. ಎತ್ತರದ ಊರುಗಳಲ್ಲಿ ಗಾಳಿ ತೆಳು. ಹಳೆಯ ಕಾರ್ಬ್ಯುರೇಟರ್ ಎಂಜಿನ್ ಒಳಗೆ ಅಲ್ಲಿ ಒತ್ತಡ ಕಡಿಮೆ ಇರುತ್ತಿತ್ತು. ನಾಕಿಂಗ್ ಆಗುವುದೂ ಕಡಿಮೆ. ಹಾಗಾಗಿ 85 ಸಾಕಾಗುತ್ತಿತ್ತು. ಟರ್ಬೊ ಎಂಜಿನ್‌ಗೆ ಈ ಲೆಕ್ಕ ಹೊಂದುವುದಿಲ್ಲ. ಗಾಳಿ ತೆಳುವಾದರೆ ಟರ್ಬೊ ಇನ್ನೂ ಜೋರಾಗಿ ತಿರುಗಿ ಕೊರತೆ ತುಂಬುತ್ತದೆ. ಸಿಲಿಂಡರ್ ಒಳಗಿನ ಒತ್ತಡ ಡಾಲಸ್‌ನಲ್ಲಿ ಇದ್ದ ಹತ್ತಿರಕ್ಕೇ ಬರುತ್ತದೆ. ಪೆಟ್ರೋಲ್ ಮಾತ್ರ ಎರಡು ಅಂಕ ಕೆಳಗಿನದು. ಅದೂ ಟ್ರೇಲರ್ ಎಳೆಯುತ್ತಾ ಏರು ಹತ್ತುವಾಗ. ಅಲ್ಲಿ ನಡುವಿನ ಪಂಪು, ಅಂದರೆ ಮಿಡ್‌ಗ್ರೇಡ್, 87 ಕೊಡುತ್ತದೆ. ಟ್ಯೂನ್ ಇರಲಿ, ಇಲ್ಲದಿರಲಿ, ಟರ್ಬೊ ಗಾಡಿಯವರು ಆ ಬಟನ್ ಒತ್ತುವುದು ಒಳ್ಳೆಯದು.

ಟೆಕ್ಸಸ್‌ನ ಉತ್ತರ ತುದಿಯ ಪ್ಯಾನ್‌ಹ್ಯಾಂಡಲ್‌ನ ಎದುರುಗಾಳಿ ಬೆಟ್ಟಕ್ಕಿಂತ ಜಾಸ್ತಿ ಕಾಡಿತು. ಚಪ್ಪಟೆ ರಸ್ತೆ, ಎದುರಿಗೆ ಗಾಳಿ, ಬೂಸ್ಟ್ ಇಳಿಯುವುದೇ ಇಲ್ಲ. ಆದರೆ ಬಂದ ಉದ್ದೇಶ ಅಲ್ಲೇ ನೆರವೇರಿತು. ಟೋ ಫೈಲ್‌ನಲ್ಲಿ ಗೇರ್‌ಬಾಕ್ಸ್ ಒಂದು ಗೇರ್ ಹಿಡಿದರೆ ಹಿಡಿದದ್ದೇ. ಸುಮ್ನೆ ಹತ್ತಿ ಇಳಿಯುವುದು ನಿಂತಿತು. ಪೆಡಲ್ ಒತ್ತಿದಷ್ಟಕ್ಕೆ ಎಳೆತ ಬರುತ್ತದೆ. ಎಚ್‌ಪಿ ಲೆಕ್ಕದಲ್ಲಿ ಈ ಫೈಲ್ ಮೂರರಲ್ಲಿ ಕೊನೆಯದು, ನನಗೆ ಇಷ್ಟವಾದದ್ದು ಇದೇ.

ರಟೋನ್ ಪಾಸ್ 7,834 ಅಡಿ. ಇಂಟರ್‌ಸ್ಟೇಟ್ 25ರ ಕಡಿದಾದ ಏರು. ನಾನು ಕಣ್ಣಿಟ್ಟದ್ದು ಸ್ಪೀಡಿನ ಮೇಲೆ ಅಲ್ಲ, ಮೂರು ಉಷ್ಣಾಂಶಗಳ ಮೇಲೆ: ಗೇರ್‌ಬಾಕ್ಸ್ ಎಣ್ಣೆ, ಸಿಲಿಂಡರ್ ಹೆಡ್, ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿ ತಣಿಸುವ ಭಾಗ) ದಾಟಿ ಬರುವ ಗಾಳಿ. ಎಣ್ಣೆ 215 ಫ್ಯಾರನ್‌ಹೀಟ್ ದಾಟಿದಾಗ ಸ್ಪೀಡ್ 50ಕ್ಕೆ ಇಳಿಸಿದೆ. ಮೇಲೆ ತಲುಪುವಷ್ಟರಲ್ಲಿ ಅಲ್ಲೇ ನಿಂತಿತ್ತು. ಶಕ್ತಿ ಇನ್ನೂ ಇತ್ತು. ಅದನ್ನು ಬಳಸಿದ್ದರೆ ಹುಟ್ಟುವ ಬಿಸಿಯನ್ನು ಹೊರಹಾಕುವ ರೇಡಿಯೇಟರ್, ಕೂಲರ್ ಮಾತ್ರ ಕಂಪನಿಯದೇ, ಅಷ್ಟೇ ದೊಡ್ಡವು.

ಇಲ್ಲೇ ಇನ್ನೊಂದು ಮಾತು. ಟ್ಯೂನ್ ಹಾಕಿದರೆ ಎಳೆಯುವ ಭಾರದ ಮಿತಿ ಏರುವುದಿಲ್ಲ. ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಪೇಲೋಡ್ ಸ್ಟಿಕರ್ ಇದೆಯಲ್ಲ, ಕೊನೆಯ ಮಾತು ಅದರದ್ದು. ಬ್ರೇಕು, ಸ್ಪ್ರಿಂಗು, ಆಕ್ಸಲ್‌ಗೆ ನಮ್ಮ ಫೈಲ್ ಗೊತ್ತಿಲ್ಲ.

ಜುಲೈ: ಸಕಲೇಶಪುರದಿಂದ ಫೋನು

ಚಿಕ್ಕಪ್ಪನ ಮಗ ಕಾಫಿ ತೋಟಕ್ಕೆ ಇಸುಜು ವಿ-ಕ್ರಾಸ್ ಇಟ್ಟುಕೊಂಡಿದ್ದಾನೆ, 2.5 ಲೀಟರ್ ಡೀಸೆಲ್. "ಅಣ್ಣಾ, ನಂಗೂ ಒಂದು ಟ್ಯೂನರ್ ತಗೊಂಬಾ" ಅಂದ. ಫೋರ್ಡಿನದು ಅವನಿಗೆ ನಡೆಯುವುದಿಲ್ಲ. ಅಲ್ಲಿ ಅವನಿಗೆ ಯಾರೋ ತೋರಿಸಿದ್ದು ಪಿಗ್ಗಿಬ್ಯಾಕ್ ಬಾಕ್ಸ್. ಅದು ಫೈಲ್ ಬದಲಾಯಿಸುವುದಿಲ್ಲ. ಎಂಜಿನ್‌ಗೆ ಡೀಸೆಲ್ ಹಂಚುವ ಪೈಪಿನ ಒತ್ತಡ ಅಳೆಯುವ ಸೆನ್ಸರ್ ಮತ್ತು ಕಂಪ್ಯೂಟರ್ ನಡುವೆ ಕೂತು, ಒತ್ತಡ ಕಡಿಮೆ ಇದೆ ಅಂತ ಸುಳ್ಳು ಹೇಳುತ್ತದೆ. ಕಂಪ್ಯೂಟರ್ ನಂಬಿ ಒತ್ತಡ ಏರಿಸುತ್ತದೆ, ಡೀಸೆಲ್ ಜಾಸ್ತಿ ಹೋಗುತ್ತದೆ. ಬಿಚ್ಚಿದರೆ ಗುರುತು ಉಳಿಯುವುದು ಕಡಿಮೆ, ಅದು ಅದರ ಆಕರ್ಷಣೆ. ಆದರೆ ಒಳಗೆ ಏನಾಗುತ್ತಿದೆ ಅಂತ ನೋಡುವ ದಾರಿಯೂ ಇಲ್ಲ. ಶಿರಾಡಿ ಘಾಟಿಯಲ್ಲಿ ಲೋಡ್ ಹಾಕಿಕೊಂಡು ಹತ್ತುವ ಗಾಡಿಗೆ ನಾನಾದರೆ ಹಾಕುವುದಿಲ್ಲ ಅಂದೆ. ಆರ್‌ಸಿಯಲ್ಲಿ ಇರುವುದಕ್ಕಿಂತ ಗಾಡಿ ಬೇರೆಯಾದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಇನ್ಶೂರೆನ್ಸ್‌ನವರ ಪ್ರಶ್ನೆಯೂ ಇದೆ. ಅವನಿಗೆ ಬೇಜಾರಾಯಿತು. ಏರ್ ಫಿಲ್ಟರ್ ತೆಗೆದು ನೋಡು, ಟರ್ಬೊ ಪೈಪಿನಲ್ಲಿ ಸೋರಿಕೆ ಇದೆಯಾ ನೋಡು ಅಂದೆ. ವಾರ ಬಿಟ್ಟು ಫೋನ್ ಮಾಡಿದ: ಪೈಪಿನ ಕ್ಲಿಪ್ ಸಡಿಲವಾಗಿತ್ತಂತೆ.

ಆಗಸ್ಟ್

ಡಾಲಸ್ ಬಿಸಿಲು 100 ಫ್ಯಾರನ್‌ಹೀಟ್ ಮೇಲೆ. ಮತ್ತೆ 93 ಹಾಕಿ ನೋಡಿದೆ. ಮೊದಲ ಸಲ ಒತ್ತಿದಾಗ ಮಾರ್ಚಿನಷ್ಟೇ ಜೋರು. ಬೆನ್ನಿಗೇ ಇನ್ನೊಮ್ಮೆ ಒತ್ತಿದರೆ ಇಂಟರ್‌ಕೂಲರ್ ಬಿಸಿಯಾಗಿ, ಒಳಗೆ ಹೋಗುವ ಗಾಳಿ ಬಿಸಿಯಾಗಿ, ಕಂಪ್ಯೂಟರ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ. ಲಾಗ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮಾರುವವರ ಗ್ರಾಫಿನಲ್ಲಿ ಮೊದಲ ಎಳೆತ ಮಾತ್ರ ಇರುತ್ತದೆ.

ಸೆಪ್ಟೆಂಬರ್: ಹೊಗೆ ಪರೀಕ್ಷೆ, ವಾರಂಟಿ

ಟೆಕ್ಸಸ್‌ನಲ್ಲಿ 2025ರಿಂದ ಖಾಸಗಿ ಗಾಡಿಗಳಿಗೆ ಸುರಕ್ಷತಾ ತಪಾಸಣೆ ಇಲ್ಲ. ಆದರೆ ನಮ್ಮ ಕಾಲಿನ್ ಕೌಂಟಿಯಂಥ ಕಡೆ ಹೊಗೆ ಪರೀಕ್ಷೆ ಉಳಿದಿದೆ. ಹೊಗೆ ಪರೀಕ್ಷೆ ಅಂದರೆ ಸೈಲೆನ್ಸರ್‌ಗೆ ಪೈಪ್ ತುರುಕುವುದಲ್ಲ, ಅದೇ ಒಬಿಡಿ ಪೋರ್ಟಿಗೆ ಚುಚ್ಚಿ ಓದುವುದು. ಫೈಲ್ ಬದಲಾಯಿಸಿದಾಗಲೆಲ್ಲ ರೆಡಿನೆಸ್ ಮಾನಿಟರ್‌ಗಳು, ಅಂದರೆ ಹೊಗೆ ನಿಯಂತ್ರಣ ಸರಿಯಿದೆಯಾ ಅಂತ ಗಾಡಿ ತಾನೇ ಪರೀಕ್ಷಿಸಿಟ್ಟ ದಾಖಲೆಗಳು, ಅಳಿಸಿಹೋಗುತ್ತವೆ. 2001 ಮತ್ತು ನಂತರದ ಗಾಡಿಗೆ ಒಂದು ಬಾಕಿ ಇದ್ದರೆ ಬಿಡುತ್ತಾರೆ, ಎರಡಿದ್ದರೆ ವಾಪಸ್. ಎಲ್ಲಕ್ಕಿಂತ ನಿಧಾನ ಪೆಟ್ರೋಲ್ ಆವಿಯ ಮಾನಿಟರ್. ಟ್ಯಾಂಕ್ ಪೂರ್ತಿ ತುಂಬಿದ್ದರೂ ಆಗದು, ಖಾಲಿಯಿದ್ದರೂ ಆಗದು, ರಾತ್ರಿಯಿಡೀ ಎಂಜಿನ್ ತಣ್ಣಗಿರಬೇಕು. ಹಾಗಾಗಿ ಪರೀಕ್ಷೆ ಹತ್ತಿರವಿದ್ದಾಗ ಫೈಲ್ ಮುಟ್ಟಬಾರದು.

ನನ್ನ ಟ್ಯೂನ್‌ನಲ್ಲಿ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಆಗಲಿ ಆಕ್ಸಿಜನ್ ಸೆನ್ಸರ್ ಆಗಲಿ ಆಫ್ ಮಾಡಿಲ್ಲ. ಮಾಡಿಕೊಡಿ ಅಂತ ಕೇಳುವವರಿದ್ದಾರೆ, ಡೀಸೆಲ್ ಪಿಕಪ್‌ನವರಲ್ಲಿ ಜಾಸ್ತಿ. ಒಂದು ದಶಕದಲ್ಲಿ 5.5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಹೊಗೆ ನಿಯಂತ್ರಣ ಕಿತ್ತುಹಾಕಲಾಗಿದೆ ಅಂತ ಅಮೆರಿಕದ ಪರಿಸರ ಸಂಸ್ಥೆ ಇಪಿಎ 2020ರಲ್ಲಿ ಅಂದಾಜು ಮಾಡಿತ್ತು. ಫೆಡರಲ್ ಕಾನೂನಿನಲ್ಲಿ ಅದು ತಪ್ಪು. ಹಿಂದೆ ಕಪ್ಪು ಹೊಗೆ ಉಗುಳಿಕೊಂಡು ಹೋಗುವುದರಲ್ಲಿ ಏನು ದೊಡ್ಡಸ್ತಿಕೆಯೋ ನನಗೆ ಗೊತ್ತಾಗಿಲ್ಲ.

ವಾರಂಟಿ ಬಗ್ಗೆ ಕೇಳಿದವರಿಗೆ: ಫೋರ್ಡಿನ ಪವರ್‌ಟ್ರೇನ್ ವಾರಂಟಿ 5 ವರ್ಷ ಅಥವಾ 60,000 ಮೈಲಿ, ನನ್ನದು ಯಾವತ್ತೋ ಮುಗಿದಿದೆ. 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಇದೆ, ಹೊರಗಿನ ಪಾರ್ಟ್ ಹಾಕಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಮಾಡುವಂತಿಲ್ಲ ಅನ್ನುತ್ತಾರೆ. ಸರಿ. ಆದರೆ ಟರ್ಬೊ ಸುಟ್ಟರೆ, ಬೂಸ್ಟ್ ಏರಿಸಿದ ಟ್ಯೂನ್‌ಗೂ ಅದಕ್ಕೂ ಸಂಬಂಧವಿಲ್ಲ ಅಂತ ಯಾವ ಮುಖ ಇಟ್ಟುಕೊಂಡು ವಾದಿಸುವುದು? ವಾರಂಟಿ ಇರುವ ಗಾಡಿಯಾಗಿದ್ದರೆ ನಾನು ಕಾಯುತ್ತಿದ್ದೆ.

ಇನ್ನೊಂದು: ಡೀಲರ್ ಹತ್ತಿರ ಸರ್ವಿಸ್‌ಗೆ ಬಿಡುವ ಮುಂಚೆ ಮೂಲ ಫೈಲ್ ವಾಪಸ್ ಹಾಕಿ. ಅವರು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ನಮ್ಮ ಟ್ಯೂನ್ ಅಳಿಸಿಹೋಗುತ್ತದೆ. ಟ್ಯೂನರ್ ಒಳಗಿರುವ ಫೈಲಿಗೂ ಗಾಡಿಯಲ್ಲಿ ಇರುವುದಕ್ಕೂ ತಾಳೆಯಾಗುವುದಿಲ್ಲ. ಹೊಸದಾಗಿ ಓದಿಸಿ, ಟ್ಯೂನ್ ಬರೆದವರ ಹತ್ತಿರ ಮತ್ತೆ ಹೋಗಬೇಕು.

ಈಗ ಗಾಡಿಯಲ್ಲಿ ಇರುವುದು 87 ಟೋ ಫೈಲ್. ಪರೀಕ್ಷೆ ಪಾಸಾಗಿದೆ, ಸ್ಪೀಡೋಮೀಟರ್ ಸರಿ ತೋರಿಸುತ್ತಿದೆ. ಮುಂದಿನ ಖರ್ಚು ದೊಡ್ಡ ಇಂಟರ್‌ಕೂಲರ್. ಚಳಿಗಾಲದಲ್ಲಿ ಹಾಕಿ, ಮುಂದಿನ ಆಗಸ್ಟ್‌ನಲ್ಲಿ ಅದೇ ರಸ್ತೆಯಲ್ಲಿ 93ರ ಲಾಗ್ ತೆಗೆದು ಈ ವರ್ಷದ್ದರ ಪಕ್ಕ ಇಡುತ್ತೇನೆ.