ದೊಡ್ಡಪ್ಪನ ಜೊತೆ ಜನರಲ್ ತಿಮ್ಮಯ್ಯನವರ ಮನೆಗೆ

ದೊಡ್ಡಪ್ಪನಿಗೆ ಬಸ್ಸಿನಲ್ಲಿ ಕಿಟಕಿ ಸೀಟು ಬೇಡ. ಡ್ರೈವರ್‌ನ ಕೈಕಾಲು ಕಾಣುವ ಮುಂದಿನ ಸೀಟೇ ಆಗಬೇಕು. ಮೈಸೂರಿನಲ್ಲಿ ಮಡಿಕೇರಿ ಬಸ್ ಹತ್ತಿದಾಗಲೂ ಅಷ್ಟೇ. ಹುಣಸೂರು ಬರುವಷ್ಟರಲ್ಲಿ ತೀರ್ಪು ಕೊಟ್ಟಾಗಿತ್ತು. "ಕೈ ಚೆನ್ನಾಗದೆ. ಬ್ರೇಕ್ ಮಾತ್ರ ಜಾಸ್ತಿ ತುಳೀತಾನೆ ಕಣ್ಲಾ."

ನಾನು ಜೇಬಿನಿಂದ ಫೋನ್ ತೆಗೆದು, ಒಂದು ಸಲ ಒತ್ತಿ, ಮತ್ತೆ ಇಟ್ಟುಕೊಂಡೆ. "ಯಾವಾಗ್ಲೂ ಅದೇನ್ಲಾ ಅದ್ರಲ್ಲಿ" ಅಂದರು.

ಅವರಿಗೆ 76. ಪಾಂಡವಪುರದ ಹತ್ತಿರದ ನಮ್ಮೂರಿನಿಂದ 1968ರಲ್ಲಿ ಸೈನ್ಯ ಸೇರಿದವರು. ಎ.ಎಸ್.ಸಿ.ಯಲ್ಲಿ ಡ್ರೈವರ್. ರೇಷನ್, ಪೆಟ್ರೋಲ್, ಮದ್ದುಗುಂಡು ಸಾಗಿಸುವ ದಳ ಅದು. ಬೆಂಗಳೂರಿನಲ್ಲಿ ಟ್ರೈನಿಂಗ್, ಆಮೇಲೆ ಶಕ್ತಿಮಾನ್ ಲಾರಿ, ಆಮೇಲೆ ಜಮ್ಮು. 1971ರ ಯುದ್ಧದಲ್ಲಿ ಅಖ್ನೂರ್ ಕಡೆ ಇದ್ದರು. ಊರಲ್ಲಿ ಎಲ್ಲರಿಗೂ ಅವರು 'ಮಿಲ್ಟ್ರಿ'. ಆದರೆ ಯುದ್ಧದ ಕಥೆ ಹೇಳು ಅಂದರೆ ಬರುವುದು ಚಳಿಗೆ ಸ್ಟಾರ್ಟ್ ಆಗದ ಇಂಜಿನ್ನಿನ ಕಥೆ.

ಮಡಿಕೇರಿಯಲ್ಲಿ, ಒಂದು ಕಾಲಕ್ಕೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರು ಹುಟ್ಟಿದ ಮನೆ 'ಸನ್ನಿಸೈಡ್' ಮ್ಯೂಸಿಯಂ ಆಗಿದ್ದು 2021ರ ಫೆಬ್ರವರಿಯಲ್ಲಿ. ರಾಷ್ಟ್ರಪತಿಗಳು ಬಂದು ಉದ್ಘಾಟನೆ ಮಾಡಿದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಹೋಗಬೇಕು ಅನ್ನುತ್ತಿದ್ದರು. ಷರತ್ತು ಒಂದೇ. ರಾತ್ರಿ ಊಟಕ್ಕೆ ಮನೆಯಲ್ಲಿರಬೇಕು. ಪೆನ್ಷನ್ ಬಂದು 40 ವರ್ಷ ಆಯಿತು, ಒಂದು ರಾತ್ರಿಯೂ ಅವರು ಮನೆ ಬಿಟ್ಟು ಮಲಗಿದವರಲ್ಲ. ಮದುವೆ ಮನೆಗೆ ಹೋದರೂ ಕೊನೇ ಬಸ್ಸಿಗೆ ವಾಪಸ್. ಹಾಗಾಗಿ ರಾಜಾಸೀಟ್ ಇಲ್ಲ, ಅಬ್ಬಿ ಜಲಪಾತ ಇಲ್ಲ. ನಂಗೆ ಸ್ವಲ್ಪ ಬೇಜಾರೇ ಆಗಿತ್ತು.

ಬೈಲಕುಪ್ಪೆ ದಾಟಿ, ಕಾವೇರಿ ಸೇತುವೆ ಮೇಲೆ ಬಸ್ ಹೋಗುವಾಗ ದೊಡ್ಡಪ್ಪ ಕೈ ಮುಗಿದರು. ನಮ್ಮ ಗದ್ದೆಗೆ ನಾಲೆಯಲ್ಲಿ ಬರುವುದು ಇದೇ ನೀರು. ಕುಶಾಲನಗರದಲ್ಲಿ ಮತ್ತೆ ಫೋನ್ ತೆಗೆದೆ, ಒತ್ತಿದೆ, ಇಟ್ಟೆ. ಸುಂಟಿಕೊಪ್ಪದ ಮೇಲೆ ರಸ್ತೆ ಏರುತ್ತಾ ತಿರುವು ಶುರುವಾಯಿತು. ಎರಡೂ ಕಡೆ ಕಾಫಿ ಹಣ್ಣಾಗಿತ್ತು. ಅವರ ಕಣ್ಣು ಮಾತ್ರ ಗೇರ್ ಮೇಲೆ.

ಮಡಿಕೇರಿಯಲ್ಲಿ ದಾರಿ ಕೇಳಿದರೆ ಸೈನಿಕರ ಹೆಸರಿನಲ್ಲೇ ಹೇಳುತ್ತಾರೆ. ತಿಮ್ಮಯ್ಯ ಸರ್ಕಲ್ಲು, 1965ರ ಯುದ್ಧದಲ್ಲಿ ಹುತಾತ್ಮರಾದ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ದೇವಯ್ಯನವರ ಸರ್ಕಲ್ಲು. ಕಾರ್ಯಪ್ಪನವರ ಪ್ರತಿಮೆಯೂ ಇದೆ. ಅಕ್ಕಿ ರೊಟ್ಟಿ ತಿಂದು ಆಟೋ ಹತ್ತಿದೆವು. ಆಟೋದವನು ಹೇಳಿದ, ಮ್ಯೂಸಿಯಂ ಆಗೋ ಮುಂಚೆ ಆ ಮನೆಯಲ್ಲಿ ಆರ್‌ಟಿಒ ಆಫೀಸ್ ಇತ್ತಂತೆ. ದೊಡ್ಡಪ್ಪ ನಕ್ಕರು. ಜನರಲ್ ಮನೆಯಲ್ಲಿ ಲೈಸೆನ್ಸ್ ಕೊಡುತ್ತಿದ್ದರು ಅನ್ನುವುದು ಅವರಿಗೆ ತುಂಬಾ ಹಿಡಿಸಿತು. "ಮೊದ್ಲೇ ಗೊತ್ತಾಗಿದ್ರೆ ನಂದೂ ಇಲ್ಲೇ ರಿನ್ಯೂ ಮಾಡಿಸ್ತಿದ್ದೆ."

ಹೊರಗೆ ಟಿ-55 ಟ್ಯಾಂಕ್ ನಿಲ್ಲಿಸಿದ್ದಾರೆ. ಮಿಗ್-21 ವಿಮಾನವೂ ಇದೆ. ಹುಡುಗರು ಸೆಲ್ಫಿ ತೆಗೆಯುತ್ತಿದ್ದರು. ದೊಡ್ಡಪ್ಪ ಟ್ಯಾಂಕಿನ ಚೈನಿನ ಹತ್ತಿರ ಬಗ್ಗಿ, ಒಂದು ಪಟ್ಟಿಯ ಮೇಲೆ ಬೆರಳಾಡಿಸಿದರು. 1971ರಲ್ಲಿ ಅಖ್ನೂರ್ ಕಡೆಯ ಛಂಬ್ ಸೆಕ್ಟರ್‌ನಲ್ಲಿ ಇದೇ ಜಾತಿಯವು ಇದ್ದವಂತೆ. "ಇವಕ್ಕೆ ಗುಂಡು ಹೊತ್ಕೊಂಡು ಹೋಗೋದೇ ನಮ್ಮ ಕೆಲಸ. ರಾತ್ರಿ ಲೈಟ್ ಹಾಕಂಗಿಲ್ಲ. ಮುಂದಿನ ಗಾಡಿ ಧೂಳು ನೋಡ್ಕೊಂಡೇ ಹೋಗ್ಬೇಕು." ಅಷ್ಟೇ. ಇನ್ನೊಂದು ಮಾತು ಬರಬಹುದು ಅಂತ ಕಾದೆ. ಕರ್ಚೀಫಿನಲ್ಲಿ ಬೆರಳು ಒರೆಸಿಕೊಂಡು ಒಳಗೆ ನಡೆದರು. ಹುತಾತ್ಮರ ಸ್ಮಾರಕದ ಎದುರು ಮಾತ್ರ ನಿಂತರು. ನೋಯುವ ಮಂಡಿ ನೆಟ್ಟಗಾಯಿತು. ಒಂದು ನಿಮಿಷ ಅವರ ಪಕ್ಕ ಹೇಗೆ ನಿಲ್ಲಬೇಕು ಅಂತಲೇ ನನಗೆ ತಿಳಿಯಲಿಲ್ಲ.

ಒಳಗೆ ತಿಮ್ಮಯ್ಯನವರ ಬದುಕನ್ನು ಕೋಣೆ ಕೋಣೆಯಾಗಿ ಜೋಡಿಸಿದ್ದಾರೆ. ಹುಟ್ಟಿದ್ದು 1906ರ ಮಾರ್ಚ್ 31. ಎಂಟು ವರ್ಷಕ್ಕೆ ಕೂನೂರಿನ ಬೋರ್ಡಿಂಗ್ ಶಾಲೆ. ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್, ಡೆಹ್ರಾಡೂನ್, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ಕ್ಕೆ ಆಫೀಸರ್. ಎರಡನೇ ಮಹಾಯುದ್ಧದಲ್ಲಿ ಕಾಲಾಳು ಬ್ರಿಗೇಡ್ ಒಂದನ್ನು ರಣರಂಗದಲ್ಲಿ ನಡೆಸಿದ ಏಕೈಕ ಭಾರತೀಯ. ದೊಡ್ಡಪ್ಪ ಎಂಟು ವರ್ಷ ಅನ್ನುವಲ್ಲೇ ನಿಂತುಬಿಟ್ಟಿದ್ದರು. "ಇಷ್ಟು ದೊಡ್ಡ ಮನೆ. ಇದ್ದಿದ್ದು ಎಂಟೇ ವರ್ಷ. ಆಮೇಲೆಲ್ಲ ರಜೆಗೆ ಬಂದಿರೋದೇ."

ರಜೆಯ ಲೆಕ್ಕ ಅವರ ಹಳೇ ಚಟ. ವರ್ಷಕ್ಕೆ ಎರಡು ತಿಂಗಳ ಆನ್ಯುಯಲ್ ಲೀವ್, ಸಿಕ್ಕಿದರೆ ಒಂದಷ್ಟು ಕ್ಯಾಶುಯಲ್. ಎಲ್ಲವನ್ನೂ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. 17 ವರ್ಷ ಸರ್ವೀಸಿನಲ್ಲಿ ಮನೆಯಲ್ಲಿದ್ದಿದ್ದು ಮೂರು ವರ್ಷ ಎಂಟು ತಿಂಗಳು. ದೊಡ್ಡ ಮಗಳು ನಡೆದಿದ್ದು, ಚಿಕ್ಕವಳಿಗೆ ಹಲ್ಲು ಬಂದಿದ್ದು, ಅವರಪ್ಪ ತೀರಿಕೊಂಡಿದ್ದು, ಯಾವುದೂ ಆ ಮೂರು ವರ್ಷ ಎಂಟು ತಿಂಗಳೊಳಗೆ ಬರಲಿಲ್ಲ.

ಜೋಜಿಲಾ ವಿಷಯ ಇದ್ದ ಗೋಡೆಯ ಮುಂದೆ ಅವರಿಗೆ ಮಾತು ಬಂತು. ಲೇಹ್‌ಗೆ ಹೋಗುವ ಆ ಕಣಿವೆ ದಾರಿಯನ್ನು 1948ರಲ್ಲಿ ಶತ್ರು ಹಿಡಿದು ಕೂತಿದ್ದ. ಸೆಪ್ಟೆಂಬರ್‌ನಲ್ಲಿ ಕಾಲಾಳುಗಳನ್ನು ಕಳಿಸಿದ್ದು ಫಲಿಸಲಿಲ್ಲ. ಆಗ ಅಲ್ಲಿ ಡಿವಿಷನ್ ಕಮಾಂಡರ್ ಆಗಿದ್ದ ತಿಮ್ಮಯ್ಯ ಟ್ಯಾಂಕನ್ನೇ ತರಿಸಿದರು, 3,500 ಮೀಟರ್ ಎತ್ತರಕ್ಕೆ! ಗುಟ್ಟು ಒಡೆಯಬಾರದು, ಸೇತುವೆಗಳೂ ತಡೆಯಬೇಕು. ಅದಕ್ಕೆ ಸ್ಟುವರ್ಟ್ ಟ್ಯಾಂಕುಗಳ ಮೇಲಿನ ಗೋಪುರ ಬಿಚ್ಚಿ ಬೇರೆ ಸಾಗಿಸಿದರು. ಕಣಿವೆಯಲ್ಲಿ ದಾರಿ ಕಡಿದವರು ಮದ್ರಾಸ್ ಸ್ಯಾಪರ್ಸ್, ನಮ್ಮ ಬೆಂಗಳೂರಿನ ಹಲಸೂರಿನ ದಳದವರು. ನವೆಂಬರ್ 1ಕ್ಕೆ ಟ್ಯಾಂಕುಗಳು ನುಗ್ಗಿದವು, ಕಣಿವೆ ಸಿಕ್ಕಿತು.

ದೊಡ್ಡಪ್ಪ 1975ರ ಸುಮಾರಿಗೆ ಅದೇ ದಾರಿಯಲ್ಲಿ ಕಾನ್ವಾಯ್ ಓಡಿಸಿದವರು. ಏರುವ ಗಾಡಿಗೆ ಒಂದು ಹೊತ್ತು, ಇಳಿಯುವ ಗಾಡಿಗೆ ಇನ್ನೊಂದು. ಬಲಗೈ ಮುಷ್ಟಿ ಮಾಡಿ ಎಡ ಅಂಗೈ ಮೇಲೆ ಓರೆಯಾಗಿ ಇಟ್ಟು ತೋರಿಸಿದರು. "ಇದು ಗಾಡಿ. ಈ ಕಡೆ ಗೋಡೆ. ಆ ಕಡೆ ಏನೂ ಇಲ್ಲ. ನಾನು ಹೋಗೋ ಹೊತ್ತಿಗೆ ರೋಡ್ ಇತ್ತು, ಆದ್ರೂ ಬೆವರ್ತಿದ್ದೆ. ಅವ್ರಿಗೆ ರೋಡೂ ಇರ್ಲಿಲ್ವಲ್ಲೋ." ಪಕ್ಕದಲ್ಲಿ ನಿಂತಿದ್ದ ಕುಟುಂಬವೊಂದು ಫಲಕ ಬಿಟ್ಟು ಇವರ ಕೈಯನ್ನೇ ನೋಡುತ್ತಿತ್ತು.

ಕೊರಿಯಾ ಯುದ್ಧ ನಿಂತ ಮೇಲೆ ಕೈದಿಗಳನ್ನು ಅವರವರ ದೇಶಕ್ಕೆ ಕಳಿಸುವ ಆಯೋಗಕ್ಕೆ ಅಧ್ಯಕ್ಷರಾಗಿದ್ದು, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದು, ಇವನ್ನೆಲ್ಲ ಬೇಗ ದಾಟಿದೆವು. ಮತ್ತೆ ನಿಂತಿದ್ದು ನೀನಾ ತಿಮ್ಮಯ್ಯನವರ ಹತ್ತಿರ. ಮದುವೆ 1935ರ ಜನವರಿ. ಅದೇ ವರ್ಷ ಮೇ 31ಕ್ಕೆ, ಈಗ ಪಾಕಿಸ್ತಾನದಲ್ಲಿರುವ ಕ್ವೆಟ್ಟಾದಲ್ಲಿ ಭೂಕಂಪ. ಗಂಡನ ಜೊತೆ ಅಲ್ಲೇ ಇದ್ದರು. ಗಾಯಾಳುಗಳ ಸೇವೆಗೆ ಕೈಸರ್-ಇ-ಹಿಂದ್ ಪದಕ ಬಂತು.

"ಅವ್ರಿಗೆ ಮದ್ವೆಯಾಗಿ ನಾಕು ತಿಂಗ್ಳಿಗೆ ಭೂಕಂಪ. ನಿಮ್ಮ ದೊಡ್ಡವ್ವಂಗೆ ಏಳು ತಿಂಗ್ಳಿಗೆ ಯುದ್ಧ."

ಅಂಗಳದ ಬೆಂಚಿನ ಮೇಲೆ ಕೂತು ಟೆಲಿಗ್ರಾಂ ಕಥೆ ಹೇಳಿದರು. ನಾನು ಮನೆಯಲ್ಲಿ ಚೂರುಚೂರು ಕೇಳಿದ್ದೆ. ಕದನ ನಿಂತ ಮೇಲೆ, ಜನವರಿಯಲ್ಲಿ, ಜಮ್ಮುವಿನಿಂದ 'ಕ್ಷೇಮ, ರಜೆಗೆ ಬರುತ್ತೇನೆ' ಅಂತ ಟೆಲಿಗ್ರಾಂ ಕಳಿಸಿದ್ದರು. ಇಂಗ್ಲಿಷಿನಲ್ಲಿ. ಪೋಸ್ಟ್‌ಮ್ಯಾನ್ 'ತಂತಿ' ಅಂದಿದ್ದೇ ತಡ, ಅಜ್ಜಿ ಎದೆ ಬಡಿದುಕೊಂಡರು. ಬೀದಿಯೆಲ್ಲ ಸೇರಿತು. ಹದಿನೇಳರ ದೊಡ್ಡವ್ವ ರಾಗಿ ಬೀಸುತ್ತಿದ್ದವರು ಬೀಸುಕಲ್ಲಿನ ಗೂಟ ಹಿಡಿದುಕೊಂಡು ಹಾಗೇ ಕೂತುಬಿಟ್ಟರಂತೆ. ಪಕ್ಕದ ಊರಿನಿಂದ ಮೇಷ್ಟ್ರು ಬಂದು ಓದುವವರೆಗೆ ಆ ಗೂಟ ಬಿಡಲಿಲ್ಲ.

"ಅವತ್ತಿಂದ ಹೇಳಿ ಬಂದೋನಲ್ಲ ನಾನು. ಸುಮ್ನೆ ಬಂದು ಬಾಗ್ಲು ತಟ್ಟೋದು."

ತಿಮ್ಮಯ್ಯನವರು ನಿವೃತ್ತಿಯಾದ ಮೇಲೂ ವಿಶ್ವಸಂಸ್ಥೆ ಕರೆಯಿತು ಅಂತ ಸೈಪ್ರಸ್‌ಗೆ ಹೋದರು. ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ 1965ರ ಡಿಸೆಂಬರ್ 18ರಂದು ಹೃದಯಾಘಾತವಾಗಿ ಅಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಅಂಚೆಚೀಟಿ ತಂದಿತು. ಇದನ್ನು ಹೇಳಿದಾಗ ದೊಡ್ಡಪ್ಪ ವಾಚ್ ನೋಡಿಕೊಂಡು ಎದ್ದರು. "ಬಸ್ ಎಷ್ಟೊತ್ತಿಗದೆ?"

ವಾಪಸ್ ಬರುವಾಗಲೂ ಮುಂದಿನ ಸೀಟೇ. ಕೈಯಲ್ಲಿ ದೊಡ್ಡವ್ವನಿಗೆ ಅಂತ ಅರ್ಧ ಕೆ.ಜಿ. ಕಾಫಿಪುಡಿ. ಪಿರಿಯಾಪಟ್ಟಣ ದಾಟುತ್ತಲೇ ನಿದ್ದೆ ಹೋದರು. ಡ್ರೈವರ್ ಮೇಲೆ ನಂಬಿಕೆ ಬಂದಿರಬೇಕು.

ಬೆಳಗ್ಗೆ ಹೊರಡುವಾಗ ದೊಡ್ಡವ್ವ ನನ್ನನ್ನು ಹಿತ್ತಲಿಗೆ ಕರೆದು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೇಳಿದ್ದರು. "ಊರೂರಿಗೂ ಒಂದೊಂದು ಮಿಸ್ಡ್ ಕಾಲ್ ಕೊಡು ಮಗ. ಆವಯ್ಯಂಗೆ ಗೊತ್ತಾಗ್ಬಾರ್ದು."

ಹುಣಸೂರು ಬಂತು. ಪಕ್ಕಕ್ಕೆ ನೋಡಿದೆ. ಬಾಯಿ ಸ್ವಲ್ಪ ತೆರೆದಿತ್ತು, ಕಾಫಿಪುಡಿ ಎದೆಗೆ ಒತ್ತಿಕೊಂಡಿದ್ದರು. ಫೋನ್ ತೆಗೆದು ಒತ್ತಿದೆ. ಒಂದು ಸಲ ರಿಂಗ್ ಆಗುತ್ತಲೇ ಕಟ್ ಮಾಡಿದೆ.

ಕಣ್ಣು ಮುಚ್ಚಿಕೊಂಡೇ ದೊಡ್ಡಪ್ಪ ಅಂದರು, "ಮೈಸೂರಲ್ಲಿ ಎರಡು ಸಲ ಕೊಡು. ಅವ್ಳಿಗೆ ಒಂದು ಕೇಳ್ಸಕ್ಕಿಲ್ಲ."