'ಮಂಕ್ಸ್ ಮ್ಯೂಸಿಕ್' ಬರೆದುಕೊಳ್ಳುವ ಕೆಲಸ: ಇಲ್ಲಿಯವರೆಗೆ

ಅಮೆರಿಕದ ಜಾಝ್ ಪಿಯಾನೋ ವಾದಕ ಥೆಲೋನಿಯಸ್ ಮಂಕ್‌ನ 'ಮಂಕ್ಸ್ ಮ್ಯೂಸಿಕ್' ಆಲ್ಬಮನ್ನು ಕೇಳಿ ಕೇಳಿ ಸ್ವರ ಬರೆದುಕೊಳ್ಳುತ್ತಿದ್ದೇನಲ್ಲ, ಅದರ ಮೊದಲ ಟ್ರ್ಯಾಕ್ ಮುಗಿಯಿತು. ಪೂರಾ ಒಂದು ನಿಮಿಷವೂ ಇಲ್ಲ, ಆದರೆ ಚೆನ್ನಾಗಿ ಕೆಲಸ ಕೊಟ್ಟಿತು. ಅದು 'ಅಬೈಡ್ ವಿತ್ ಮಿ' ಎಂಬ ಚರ್ಚ್ ಗೀತೆ. ದೆಹಲಿಯ ಬೀಟಿಂಗ್ ರಿಟ್ರೀಟ್‌ನಲ್ಲಿ ಸೇನೆಯ ಬ್ಯಾಂಡಿನವರು ಬಹಳ ವರ್ಷ ನುಡಿಸುತ್ತಿದ್ದ ಧಾಟಿಯೇ ಇದು. ಇದನ್ನು ಕಟ್ಟಿದ ಇಂಗ್ಲೆಂಡಿನ ಸಂಗೀತಗಾರನ ಹೆಸರೂ ಮಂಕ್, ವಿಲಿಯಂ ಹೆನ್ರಿ ಮಂಕ್.

ಇಲ್ಲಿ ಪಿಯಾನೋ ಇಲ್ಲ, ಬಾಸ್ ಇಲ್ಲ, ಡ್ರಮ್ಸ್ ಇಲ್ಲ. ಒಂದು ಟ್ರಂಪೆಟ್, ಒಂದು ಆಲ್ಟೊ, ಎರಡು ಟೆನರ್ ಸ್ಯಾಕ್ಸೊಫೋನ್, ಅಷ್ಟೇ. ಮೇಲಿನ ದನಿ ಸಲೀಸಾಗಿ ಸಿಕ್ಕಿತು. ಒಳಗಿನವು ಒಂದರೊಳಗೊಂದು ಬೆರೆತುಬಿಡುತ್ತವೆ. ವೇಗ ಅರ್ಧಕ್ಕಿಳಿಸಿ, ಒಂದೊಂದು ದನಿಯನ್ನೂ ಬಾಯಲ್ಲಿ ಹಾಡಿಕೊಂಡ ಮೇಲೆಯೇ ಕೀಬೋರ್ಡ್ ಮುಟ್ಟಿದೆ. ಹಾಗೆ ಮಾಡಿದ್ದಕ್ಕೇ ಒಂದು ವಿಷಯ ಖಾತ್ರಿಯಾಯಿತು: ಎಲ್ಲೂ ಚೇಷ್ಟೆ ಇಲ್ಲ. ತಂಡದ ನಾಯಕ ತಾನು ಸುಮ್ಮನಿದ್ದು, ಪ್ರಾರ್ಥನೆಯನ್ನು ಪ್ರಾರ್ಥನೆಯಾಗಿಯೇ ನುಡಿಸಿಸಿದ್ದಾನೆ. ಆಟ ಶುರುವಾಗುವುದು ಆಮೇಲೆ.

ಈಗ ಕೈಯಲ್ಲಿರುವುದು ಎರಡನೆಯದು, 'ವೆಲ್, ಯು ನೀಡಂಟ್'. 11 ನಿಮಿಷ ದಾಟುತ್ತದೆ. ಇದರ ಮೊದಲ ಭಾಗಕ್ಕೆ ಎರಡೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಸಾಕು, ಎಫ್ ಮತ್ತು ಜಿ ಫ್ಲ್ಯಾಟ್. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ನಾಲ್ಕು, ಪಕ್ಕದ ಕರಿ ಮೂರು. ಕೈ ಅರ್ಧ ಸ್ವರ ಮೇಲಕ್ಕೆ ಜಾರಿ ಮತ್ತೆ ವಾಪಸ್ಸು, ಜೋಕಾಲಿಯ ಹಾಗೆ. ನಡುವಿನ ಭಾಗದಲ್ಲಿ ಅದೇ ಅರ್ಧ ಸ್ವರದ ಹೆಜ್ಜೆ ಮೆಟ್ಟಿಲಾಗಿ ಹತ್ತುತ್ತದೆ. ಇಲ್ಲೊಂದು ಎಚ್ಚರಿಕೆ: ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಈ ಭಾಗವನ್ನು ಬೇರೆ ಸ್ವರದಿಂದ ಹತ್ತಿಸುತ್ತಾನೆ, ಅವನ ದಾರಿಯೇ ಹೆಚ್ಚು ಬಳಕೆಗೆ ಬಂದಿದೆ. ಮಂಕ್‌ನದು ಡಿ ಫ್ಲ್ಯಾಟ್‌ನಿಂದ. ನಾನು ಮಂಕ್‌ನದನ್ನೇ ಹಿಡಿದಿದ್ದೇನೆ, ನನ್ನ ಕಿವಿಗೆ ಅದೇ ಹೆಚ್ಚು ಚೂಪು.

ಪಿಯಾನೋ ಸೋಲೋ (ಒಬ್ಬನೇ ಮನೋಧರ್ಮದಿಂದ ನುಡಿಸುವ ಭಾಗ) ಮುಗಿದೊಡನೆ ಮಂಕ್ "ಕೋಲ್ಟ್ರೇನ್! ಕೋಲ್ಟ್ರೇನ್!" ಎಂದು ಕೂಗುವುದು ರೆಕಾರ್ಡಿನಲ್ಲೇ ಇದೆ. ಟೆನರ್ ಸ್ಯಾಕ್ಸೊಫೋನ್ ಹಿಡಿದು ಜಾನ್ ಕೋಲ್ಟ್ರೇನ್ ಒಳಬರುತ್ತಾನೆ. ಅದನ್ನು ತೆಗೆಯದೆ ಬಿಟ್ಟವರಿಗೆ ನಮಸ್ಕಾರ. ಇನ್ನೊಂದು ಟೆನರ್ ಕೋಲ್ಮನ್ ಹಾಕಿನ್ಸ್‌ನದು. 1944ರಲ್ಲಿ ಮಂಕ್‌ನನ್ನು ತನ್ನ ತಂಡಕ್ಕೆ ಸೇರಿಸಿಕೊಂಡು ಸ್ಟುಡಿಯೋಗೆ ಕರೆದೊಯ್ದ ಹಿರಿಯ ಅವನು. 1957ರ ಜೂನ್‌ನ ಈ ರೆಕಾರ್ಡಿಂಗಿನಲ್ಲಿ ಅವನೇ ಮಂಕ್‌ನ ತಂಡದಲ್ಲಿ ಕೂತಿದ್ದಾನೆ. ಇದೇ ಆಲ್ಬಮಿನ 'ರೂಬಿ, ಮೈ ಡಿಯರ್'ನಲ್ಲಿ ಅವನ ತುಂಬು ಉಸಿರಿನ ದನಿ ಕೇಳಿ. ಹಳೆಯ ಶೈಲಿಯನ್ನು ಅವನು ಒಂದಿಷ್ಟೂ ಬದಲಿಸಿಕೊಂಡಿಲ್ಲ, ಮಂಕ್ ಅವನನ್ನು ಬದಲಿಸಲೂ ಹೋಗಿಲ್ಲ. ಈ ಆಲ್ಬಮ್ ನನಗೆ ಇಷ್ಟವಾಗುವುದೇ ಇದಕ್ಕೆ.

'ವೆಲ್, ಯು ನೀಡಂಟ್'ನ ಎಡಗೈ ಈಗ ನನಗೆ ನಿಧಾನಗತಿಯಲ್ಲಿ ಕೂತಿದೆ. ಬಲಗೈಯಲ್ಲಿ ಮಂಕ್ ಅಕ್ಕಪಕ್ಕದ ಎರಡು ಕೀಗಳನ್ನು ಒಟ್ಟಿಗೆ ಒತ್ತಿ, ಒಂದನ್ನು ಮೊದಲು ಬಿಡುವ ಜಾಗಗಳನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದೇನೆ. ಇದಾದ ಮೇಲೆ ಅವನು ಹೆಂಡತಿಗಾಗಿ ಕಟ್ಟಿದ 'ಕ್ರೆಪಸ್ಕ್ಯೂಲ್ ವಿತ್ ನೆಲ್ಲಿ'. ಅದರಲ್ಲಿ ಸೋಲೋ ಇಲ್ಲ, ಎಲ್ಲವೂ ಮೊದಲೇ ಬರೆದದ್ದು. ಹಾಗಾಗಿ ಅದನ್ನು ಒಂದು ಸ್ವರವೂ ಬಿಡದೆ ಬರೆದುಕೊಳ್ಳಬೇಕು.