ಬರ್ಗಂಡಿಯ ಕೆಂಪು ವೈನ್ ಬೇಕಾ? ಬೋನ್ ದಾಟಿ ಸ್ವಲ್ಪ ಮುಂದೆ ಹೋಗಿ

ಫ್ರಾನ್ಸಿನ ಬರ್ಗಂಡಿ ಪ್ರದೇಶದ್ದು ಅಂದರೆ ದುಡ್ಡಿದ್ದವರ ವೈನ್ ಅಂತ ಹೆದರಿ ಬಿಡಬೇಡಿ. ನಾನು, ನನ್ನ ಹೆಂಡತಿ ಮೇ ತಿಂಗಳಲ್ಲಿ ನಾಲ್ಕು ದಿನ ಅಲ್ಲಿದ್ದೆವು. ಬಾಟಲಿಗೆ 25 ಯೂರೋ ಮೀರಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು.

ಪ್ಯಾರಿಸ್‌ನ ಗಾರ್ ದ ಲಿಯೋನ್ ನಿಲ್ದಾಣದಿಂದ ಬರ್ಗಂಡಿಯ ದಿಜೋನ್‌ಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಟಿಕೆಟ್ ಬೇಗ ಮಾಡಿಸಿದಷ್ಟೂ ಅಗ್ಗ. ಅಲ್ಲಿಂದ ದಕ್ಷಿಣಕ್ಕೆ, ವೈನ್ ಪಟ್ಟಣ ಬೋನ್‌ಗೆ ಲೋಕಲ್ ರೈಲು ಹಿಡಿದು ಬಲಗಡೆ ಕಿಟಕಿಗೆ ಕೂತುಕೊಳ್ಳಿ. ಜೆವ್ರೆ-ಶಾಂಬರ್ತಾನ್, ವೋನ್-ರೊಮಾನೆಯ ಇಳಿಜಾರಿನ ತೋಟಗಳು ಸಾಲಾಗಿ ಬರುತ್ತವೆ. ಕಣ್ತುಂಬ ನೋಡಿ. ಆದರೆ ನಮ್ಮಂಥ ಬಜೆಟ್‌ನವರು ಖರೀದಿಗೆ ಅಲ್ಲಿ ಇಳಿಯಬಾರದು.

ಮೊದಲ ದಿನ ಬೋನ್‌ನ ಅಂಗಡಿಯೊಂದರಲ್ಲಿ ನಾವು ಎಡವಿದೆವು. ಲೇಬಲ್ ಮೇಲೆ ಹೆಸರಾಂತ ಊರಿನ ಹೆಸರು ನೋಡಿ, ಬಜೆಟ್ ಮೀರಿ 32 ಯೂರೋ ಕೊಟ್ಟೆವು. ಹುಳಿ ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ. ಬರ್ಗಂಡಿಯಲ್ಲಿ ಬೆಲೆ ಏರಿಸೋದು ಊರಿನ ಹೆಸರು, ರುಚಿ ಕೊಡೋದು ಬೆಳೆಗಾರರ ಕೈ. ಈ ಒಂದು ಮಾತು ನೆನಪಿಟ್ಟರೆ ಸಾಕು.

ಮರುದಿನ ರೈಲಿನಲ್ಲಿ ಬೋನ್‌ನಿಂದ ಇನ್ನೂ ದಕ್ಷಿಣದ ಶಾಲೋನ್‌ಗೆ ಹೋಗಿ, ಸೈಕಲ್ ಬಾಡಿಗೆಗೆ ತಗೊಂಡು ಜಿವ್ರಿ ಊರಿಗೆ ಹೊರಟೆವು. ಒಂಬತ್ತು ಕಿಲೋಮೀಟರ್ ಆಸುಪಾಸು. ಅಲ್ಲಿ ಬೆಳೆಗಾರರೊಬ್ಬರ ಮನೆಯ ಹಿಂದೆಯೇ ವೈನ್ ಇಡುವ ನೆಲಮಾಳಿಗೆ. ಆ ಮನೆಯ ಹಿರಿಯಮ್ಮ ಎರಡು ಗ್ಲಾಸ್‌ಗೆ ಎರಡು ವೈನ್ ಸುರಿದರು. ಎರಡೂ ಒಂದೇ ವರ್ಷದ್ದು, ಒಂದೇ ಪಿನೋ ನ್ವಾರ್ ದ್ರಾಕ್ಷಿಯದ್ದು. ಎರಡು ತೋಟಗಳ ಮಧ್ಯೆ ಇರೋದು ಒಂದು ಕಲ್ಲುಗೋಡೆ ಅಷ್ಟೇ. ಮೊದಲನೆಯದು ಚೆರ್ರಿಯಂತೆ ಹಗುರ. ಎರಡನೆಯದು ಪ್ರೀಮಿಯೆ ಕ್ರೂ, ಅಂದರೆ ಮೇಲಿನ ದರ್ಜೆಯ ತೋಟದ್ದು. ನೇರಳೆಹಣ್ಣು ತಿಂದ ಮೇಲೆ ನಾಲಿಗೆ ಹಿಡಿಯುತ್ತದಲ್ಲ, ಆ ಒಗರು. ಗುಟುಕು ಇಳಿದು ಎಷ್ಟೋ ಹೊತ್ತಾದರೂ ಬಾಯಲ್ಲಿ ಉಳಿದಿತ್ತು. ಮೊದಲನೆಯದಕ್ಕೆ 17, ಎರಡನೆಯದಕ್ಕೆ 24 ಯೂರೋ. ಎರಡೆರಡು ಬಾಟಲಿ ತಗೊಂಡೆವು.

ಜಿವ್ರಿಯಂತೆಯೇ ಮೆರ್ಕ್ಯುರೆ, ಮರಾಂಜ್, ಸಾಂತನೆ ಊರುಗಳಲ್ಲೂ ಹುಡುಕಿ. ಇನ್ನೂ ಕಡಿಮೆಗೆ ಬೇಕಿದ್ದರೆ ಒಳ್ಳೆಯ ಬೆಳೆಗಾರರ ಸಾದಾ 'ಬೂರ್ಗೋನ್' (Bourgogne) ಕೇಳಿ, ಅಂದರೆ ಊರಿನ ಹೆಸರಿಲ್ಲದೆ ಬರ್ಗಂಡಿ ಅಂತಷ್ಟೇ ಬರೆದಿರೋದು. ಹೆಸರಾಂತ ಊರಿನ ಸಪ್ಪೆ ಬಾಟಲಿಗಿಂತ ಅದು ಎಷ್ಟೋ ಮೇಲು. ಲೇಬಲ್ ಮೇಲೆ 'ಮಿಜ಼್ ಆನ್ ಬುತೇಯ್ ಓ ದೊಮೆನ್' (Mis en bouteille au domaine) ಅಂತ ಇದ್ದರೆ ವೈನ್ ಅನ್ನು ಬೆಳೆಗಾರರೇ ಬಾಟಲಿಗೆ ತುಂಬಿದ್ದಾರೆ ಅಂತ ಅರ್ಥ.

ಹೋಗುವ ಮುಂಚೆ ಫೋನ್ ಮಾಡಿ ಇಲ್ಲವೇ ಇಮೇಲ್ ಕಳಿಸಿ. ಸಣ್ಣ ಬೆಳೆಗಾರರ ಮನೆಗೆ ಹೇಳದೆ ಹೋದರೆ ಬಾಗಿಲು ತೆಗೆಯಲು ಯಾರೂ ಇರುವುದಿಲ್ಲ. ಮಧ್ಯಾಹ್ನ 12ರಿಂದ 2 ಊಟದ ಹೊತ್ತು, ಭಾನುವಾರ ಬಹುತೇಕ ರಜೆ. ಸೆಪ್ಟೆಂಬರ್ ಕೊಯ್ಲಿನಲ್ಲಿ ಅವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ರುಚಿ ನೋಡಿ ಉಗುಳೋದಕ್ಕೆ ಪಾತ್ರೆ ಇಟ್ಟಿರುತ್ತಾರೆ, ಸಂಕೋಚ ಬೇಡ. ರುಚಿ ನೋಡಿದ ಮೇಲೆ ಒಂದಾದರೂ ಬಾಟಲಿ ಕೊಳ್ಳಿ. ಸುಮ್ನೆ ಕುಡಿದು ಬರೋದು ಚೆನ್ನಾಗಿರೋದಿಲ್ಲ, ಅಲ್ವಾ?

ಭಾರತಕ್ಕೆ ತರುವಾಗ ಒಬ್ಬರಿಗೆ 2 ಲೀಟರ್ ತನಕ ಸುಂಕವಿಲ್ಲ. ಅಂದರೆ ತಲಾ ಎರಡು ಬಾಟಲಿ. ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಸೂಟ್‌ಕೇಸ್ ಮಧ್ಯದಲ್ಲಿಡಿ. ಬೆಂಗಳೂರಿನ ಸೆಕೆಯಲ್ಲಿ ಹಾಗೇ ತೆರೆಯಬೇಡಿ, ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಆಮೇಲೆ ಸುರಿಯಿರಿ.